ಮೊದಲ ಕ್ಲಾಸಿನಲ್ಲಿ ಪರಿಚಯ ಮಾತ್ರ ಸಾಕಾ, ಪಾಠವೂ ಬೇಕಾ?

ಪ್ರಶ್ನೆ: ವಿರಾಜಪೇಟೆ ಹತ್ತಿರದ ಕಾಲೇಜಿಗೆ ಅತಿಥಿ ಉಪನ್ಯಾಸಕಿಯಾಗಿ ಸೇರಿದ್ದೇನೆ. ಸೋಮವಾರ ಪ್ರಥಮ ಬಿ.ಎ.ಗೆ ಅರ್ಥಶಾಸ್ತ್ರದ ಮೊದಲ ಕ್ಲಾಸು. "ಹೆಸರು, ಊರು ಕೇಳಿ ಬಿಟ್ಟುಬಿಡಿ, ಮೊದಲ ದಿನ ಪಾಠ ಯಾರೂ ಕೇಳಲ್ಲ" ಎನ್ನುತ್ತಾರೆ ಹಿರಿಯರು. ನನಗೆ ಸಮಾಧಾನವಿಲ್ಲ. ಏನು ಮಾಡಲಿ ಸರ್?

ಉತ್ತರ: ಪಾಠ ಮಾಡಿ ಮೇಡಂ. ಮೊದಲ ದಿನ ಮಕ್ಕಳು ಕುತೂಹಲದಿಂದ ಬಂದಿರುತ್ತಾರೆ. ಅವತ್ತು ಸುಮ್ನೆ ಕಳಿಸಿದರೆ, ಈ ಕ್ಲಾಸು ತಪ್ಪಿಸಿದರೂ ನಡೆಯುತ್ತೆ ಅಂತ ಅವರಿಗೆ ಅನಿಸಿಬಿಡುತ್ತೆ.

ಬೋರ್ಡಿನ ಮೇಲೆ ಒಂದು ಪ್ರಶ್ನೆ ಬರೆಯಿರಿ: 2021ರ ಜುಲೈನಲ್ಲಿ ಬ್ರೆಜಿಲ್‌ನ ಕಾಫಿ ತೋಟಗಳಲ್ಲಿ ಇಬ್ಬನಿ ಹೆಪ್ಪುಗಟ್ಟಿ ಗಿಡಗಳು ಹಾಳಾದವು, ಕೊಡಗಿನಲ್ಲಿ ಯಾರಿಗೆ ಲಾಭ? ಪಕ್ಕದಲ್ಲಿ ಕೂತವರ ಜೊತೆ ಐದು ನಿಮಿಷ ಮಾತಾಡಲಿ. ಬೆಳೆಗಾರರಿಗೆ ಅಂತ ಯಾರಾದರೂ ಹೇಳಿಯೇ ಹೇಳುತ್ತಾರೆ. ನಮ್ಮಲ್ಲಿ ಕುಯ್ಲು ಮಾರ್ಚ್ ಹೊತ್ತಿಗೆ ಮುಗಿದಿರುತ್ತೆ, ಜುಲೈ ಒಳಗೇ ಮಾರಿದವರಿಗೆ ಏನು ಸಿಕ್ಕಿತು ಅಂತ ಕೇಳಿ. ಆಗ ದಾಸ್ತಾನು ಇಟ್ಟವರ ಮಾತು ಬರುತ್ತೆ, ವ್ಯಾಪಾರಿಯ ಮಾತು ಬರುತ್ತೆ, ದರ ಏರಿದರೆ ಕೂಲಿಯೂ ಏರುತ್ತಾ ಅಂತ ಹಿಂದಿನ ಬೆಂಚಿನಿಂದ ಒಬ್ಬರು ಕೇಳಿದರಂತೂ ನಿಮ್ಮ ಕ್ಲಾಸು ಗೆದ್ದ ಹಾಗೆ. ಜಗತ್ತಿನಲ್ಲಿ ಅತಿ ಹೆಚ್ಚು ಕಾಫಿ ಬೆಳೆಯುವ ದೇಶ ಬ್ರೆಜಿಲ್, ಅಲ್ಲಿ ಬೆಳೆ ಕಮ್ಮಿಯಾದರೆ ಇಲ್ಲಿ ದರ ಯಾಕೆ ಅಲುಗಾಡುತ್ತೆ ಅನ್ನೋದನ್ನು ಕೊನೆಗೆ ಬೇಡಿಕೆ, ಪೂರೈಕೆಯ ಎರಡು ಗೆರೆ ಎಳೆದು ತೋರಿಸಿ. ಕನ್ನಡದಲ್ಲೇ ಮಾತಾಡಲಿ ಬಿಡಿ. ಮನೆಯಲ್ಲಿ ಕೊಡವ ತಕ್ಕ್, ಅರೆಭಾಷೆ, ಮಲಯಾಳಂ ಆಡುವವರೂ ಇರುತ್ತಾರೆ, ಮೊದಲ ದಿನವೇ ಇಂಗ್ಲಿಷ್ ಅಂದರೆ ಅರ್ಧ ಕ್ಲಾಸು ಬಾಯಿ ಬಿಡಲ್ಲ.

ಪರಿಚಯ ಬೇಡ ಅಂತಲ್ಲ. ಆದರೆ ಅಪ್ಪ ಏನು ಮಾಡ್ತಾರೆ, ತೋಟ ಎಷ್ಟು ಎಕರೆ, ಪಿಯುಸಿಯಲ್ಲಿ ಎಷ್ಟು ಮಾರ್ಕ್ಸ್ ಅಂತ ದಯವಿಟ್ಟು ಎಲ್ಲರ ಮುಂದೆ ಕೇಳಬೇಡಿ. ನಮ್ಮ ಜಿಲ್ಲೆಯಲ್ಲಿ ತೋಟದ ಮಾಲೀಕರ ಮಗಳೂ ಅದೇ ತೋಟದ ಲೈನ್ ಮನೆಯ (ಕೂಲಿಯವರ ಸಾಲುಮನೆ) ಹುಡುಗನೂ ಒಂದೇ ಕ್ಲಾಸಿನಲ್ಲಿ ಇರಬಹುದು, ಅಲ್ವಾ? ಆ ಒಂದು ಪ್ರಶ್ನೆಗೆ ಕುಗ್ಗಿದ ಹುಡುಗ ವರ್ಷವಿಡೀ ತಲೆ ಎತ್ತದೇ ಇರಬಹುದು. ಏನಂತ ಕರೆಯಬೇಕು ಅಂತ ಕೇಳಿ, ಸಾಕು. ಮನೆಹೆಸರು ಹೇಳೋಕೆ ಬರದಿದ್ದರೆ ಅವರಿಂದಲೇ ಕಲಿಯಿರಿ.

ಹಾಜರಿ, ಇಂಟರ್ನಲ್ ಮಾರ್ಕ್ಸ್ ವಿಷಯ ಐದು ನಿಮಿಷದಲ್ಲಿ ಮುಗಿಸಿ.

ಶನಿವಾರವೇ ಹೋಗಿ ಕೋಣೆ ನೋಡಿ ಬನ್ನಿ. ಮಳೆಗಾಲದಲ್ಲಿ ತಗಡಿನ ಮಾಡು ಇದ್ದರೆ ಧ್ವನಿ ಹಿಂದಿನ ಸಾಲಿಗೆ ಮುಟ್ಟಲ್ಲ, ಕರೆಂಟೂ ನಂಬುವ ಹಾಗಿಲ್ಲ, ಹಾಗಾಗಿ ಪ್ರೊಜೆಕ್ಟರ್ ಬಿಟ್ಟು ದೊಡ್ಡಕ್ಷರದಲ್ಲಿ ಬೋರ್ಡಿನ ಮೇಲೇ ಬರೆಯಿರಿ. ಬಸ್ಸು ತಡವಾಗಿ ನೆನೆದು ಬಂದವರನ್ನು ಬಾಗಿಲಲ್ಲಿ ನಿಲ್ಲಿಸಬೇಡಿ.

ಕೊನೆಯ ಐದು ನಿಮಿಷ ಹೆಸರಿಲ್ಲದ ಚೀಟಿಯಲ್ಲಿ, ಏನು ಅರ್ಥವಾಗಲಿಲ್ಲ ಅಂತ ಬರೆಸಿ. ಜಾಸ್ತಿ ಜನ ಬರೆದ ಅನುಮಾನದಿಂದಲೇ ಎರಡನೇ ಕ್ಲಾಸು ಶುರು ಮಾಡಿ.