ಮೂರನೆಯ ಹೆಸರು ಯಾಕೆ ಬೇಕು

ನಮಸ್ಕಾರ.

‘ಇವರಿಗೆಲ್ಲ ಏನು ಸಂಬಂಧ?’ ಎಂಬ ತಲೆಬರಹದಲ್ಲಿ ನೀವು ಕಳಿಸಿದ 20 ಸೂಪರ್‌ಹೀರೋ ಒಗಟುಗಳನ್ನು ಓದಿಯಾಯಿತು. ಪ್ರತಿಯೊಂದರಲ್ಲೂ ಅಮೆರಿಕನ್ ಕಾಮಿಕ್ಸ್‌ನ ಎರಡೋ ಮೂರೋ ನಾಲ್ಕೋ ಪಾತ್ರಗಳ ಹೆಸರಿದೆ, ಅವರನ್ನು ಬೆಸೆಯುವ ಎಳೆ ಯಾವುದೆಂದು ಓದುಗರು ಹೇಳಬೇಕು. ಈಗಿರುವ ಹಾಗೆ ಇವನ್ನು ಅಚ್ಚಿಗೆ ಕಳಿಸಲಾಗದು. ನೀವು ಸಾಕಷ್ಟು ಓದಿಕೊಂಡಿದ್ದೀರಿ, ಅದರಲ್ಲಿ ಅನುಮಾನವಿಲ್ಲ. ಆದರೆ ಒಂದು ಉತ್ತರ ಹೊಳೆದ ಕೂಡಲೇ ಪ್ರಶ್ನೆ ಸಿದ್ಧವಾಯಿತೆಂದು ಮುಂದಕ್ಕೆ ಹೋಗಿಬಿಟ್ಟಿದ್ದೀರಿ. ಅದೇ ಹೆಸರುಗಳಿಗೆ ಇನ್ನೊಂದು ಉತ್ತರವೂ ಒಪ್ಪುತ್ತದೆಯೇ ಎಂದು ತಿರುಗಿ ನೋಡಿಲ್ಲ.

ಮೊದಲ ಪ್ರಶ್ನೆಯನ್ನೇ ನೋಡಿ. ಸೂಪರ್‌ಮ್ಯಾನ್, ಬ್ಯಾಟ್‌ಮ್ಯಾನ್, ಸ್ಪೈಡರ್‌ಮ್ಯಾನ್, ರಾಬಿನ್. ನಿಮ್ಮ ಉತ್ತರ: ತಬ್ಬಲಿಗಳು. ‘ನಿಜ ಹೆಸರು ಮುಚ್ಚಿಟ್ಟವರು’ ಎಂದು ಬರೆದು ಕಳಿಸುವ ಓದುಗರಿಗೆ ತಪ್ಪು ಎನ್ನಲು ನಿಮ್ಮ ಕೈಯಲ್ಲಿ ಏನಿದೆ? ಏನೂ ಇಲ್ಲ. ಕಾಮಿಕ್ಸ್ ಲೋಕದಲ್ಲಿ ತಬ್ಬಲಿಗಳಿಗೂ ಬರವಿಲ್ಲ, ಮುಖವಾಡಗಳಿಗೂ ಬರವಿಲ್ಲ. ಸಾಲದ್ದಕ್ಕೆ ಸೂಪರ್‌ಮ್ಯಾನ್‌ನನ್ನು ತಬ್ಬಲಿ ಎಂದರೆ ಜಗಳ ಕಟ್ಟಿಟ್ಟದ್ದು. ಕ್ರಿಪ್ಟಾನ್ ಗ್ರಹದಲ್ಲಿ ಅವನ ಹೆತ್ತವರು ಸತ್ತದ್ದು ಹೌದು. ಆದರೆ 1986ರಲ್ಲಿ ಜಾನ್ ಬರ್ನ್ ಅವನ ಕಥೆಯನ್ನು ಹೊಸದಾಗಿ ಬರೆದ ಮೇಲೆ, ಸಾಕಿದ ಕೆಂಟ್ ದಂಪತಿ ಮಗ ದೊಡ್ಡವನಾದ ಮೇಲೂ ಜೀವಂತ ಇದ್ದಾರೆ. ಆ ಕಾಲದ ಸಂಚಿಕೆಗಳನ್ನು ಓದಿದವರು ಪತ್ರ ಬರೆಯದೆ ಬಿಡುವುದಿಲ್ಲ.

ಇದಕ್ಕೆ ಎದುರಾಗಿ ನಿಮ್ಮ 9ನೇ ಪ್ರಶ್ನೆಯಲ್ಲಿ ಚಿನ್ನವಿದೆ, ನಿಮಗೆ ಅದು ಕಂಡಂತಿಲ್ಲ. ನೀವು ಕೊಟ್ಟದ್ದು ಎರಡೇ ಹೆಸರು: ಮ್ಯಾಟ್ ಮರ್ಡಾಕ್ ಮತ್ತು ಜೆನಿಫರ್ ವಾಲ್ಟರ್ಸ್. ಅಂದರೆ ಡೇರ್‌ಡೆವಿಲ್ ಮತ್ತು ಷಿ-ಹಲ್ಕ್. ಉತ್ತರ: ಇಬ್ಬರೂ ವಕೀಲರು. ಆದರೆ ಮ್ಯಾಟ್‌ನ ಕಣ್ಣಿಗೆ ಬಿದ್ದದ್ದು ವಿಕಿರಣಶೀಲ ವಸ್ತು. ಜೆನಿಫರ್‌ಗೆ ಗುಂಡೇಟು ಬಿದ್ದಾಗ ಕೊಟ್ಟದ್ದು ಗಾಮಾ ಕಿರಣ ತಗುಲಿದ್ದ ಬ್ರೂಸ್ ಬ್ಯಾನರ್‌ನ, ಅಂದರೆ ಹಲ್ಕ್‌ನ, ರಕ್ತ. ಹಾಗಾಗಿ ‘ವಿಕಿರಣದಿಂದ ಶಕ್ತಿ ಪಡೆದವರು’ ಎಂಬುದೂ ನೂರಕ್ಕೆ ನೂರು ಸರಿ. ಈಗ ಮೂರನೆಯ ಹೆಸರಾಗಿ ಹಾರ್ವಿ ಡೆಂಟ್‌ನನ್ನು ಸೇರಿಸಿ. ಟೂ-ಫೇಸ್ ಆಗುವ ಮುಂಚೆ ಅವನು ಗಾಥಮ್ ನಗರದ ಡಿಸ್ಟ್ರಿಕ್ಟ್ ಅಟಾರ್ನಿ. ಅವನ ಮುಖ ಸುಟ್ಟದ್ದು ಕೋರ್ಟಿನಲ್ಲಿ ಎರಚಿದ ಆಸಿಡ್‌ನಿಂದ, ವಿಕಿರಣದಿಂದಲ್ಲ. ಆ ಬಾಗಿಲು ಮುಚ್ಚಿತು.

ಇಲ್ಲಿಗೆ ನಿಲ್ಲಿಸದೆ ಜೋಡಿ ಬದಲಿಸಿ ನೋಡಿ. ಹಾರ್ವಿ ಮತ್ತು ಮ್ಯಾಟ್ ಮಾತ್ರ ಇದ್ದರೆ? ಇಬ್ಬರ ಮುಖಕ್ಕೂ ಅಪಾಯದ ದ್ರವ ಬಿದ್ದದ್ದೇ ಕಥೆಯ ಶುರು. ಜೆನಿಫರ್ ಇರುವುದರಿಂದ ಆ ಉತ್ತರ ನಡೆಯುವುದಿಲ್ಲ. ಹಾರ್ವಿ ಮತ್ತು ಜೆನಿಫರ್ ಮಾತ್ರ ಇದ್ದರೆ? ಇಬ್ಬರಿಗೂ ಎರಡು ರೂಪ, ಎರಡು ಸ್ವಭಾವ; ಆದರೆ ಮ್ಯಾಟ್ ಬಟ್ಟೆ ಬದಲಿಸುತ್ತಾನೆ ಅಷ್ಟೆ, ಮೈ ಬದಲಾಗುವುದಿಲ್ಲ. ಒಬ್ಬೊಬ್ಬರೂ ಉಳಿದಿಬ್ಬರ ಸುಳ್ಳು ಉತ್ತರವನ್ನು ಹೊಡೆದುಹಾಕುತ್ತಾರೆ. ಕೊನೆಗೆ ಕರಿ ಕೋಟು ಮಾತ್ರ ಉಳಿಯುತ್ತದೆ. ನೀವು ಪ್ರತಿ ಪ್ರಶ್ನೆಗೂ ಮಾಡಬೇಕಾದ ಲೆಕ್ಕ ಇದೇ. ಮೂರು ಹೆಸರಿದ್ದರೆ ಮೂರು ಜೋಡಿ, ನಾಲ್ಕಿದ್ದರೆ ಆರು. ಪ್ರತಿ ಜೋಡಿಗೂ ಬೇರೆ ಏನೇನು ಹೊಂದುತ್ತದೆಂದು ಬರೆದುಕೊಂಡು, ಉಳಿದ ಹೆಸರು ಅದನ್ನು ಕತ್ತರಿಸುತ್ತದೆಯೇ ನೋಡಿ. ಕತ್ತರಿಸದಿದ್ದರೆ ಹೆಸರು ಬದಲಿಸಿ. ಅಂದಹಾಗೆ ಹಾರ್ವಿ ಖಳನಾಯಕ, ಆದ್ದರಿಂದ ತಲೆಬರಹದಲ್ಲಿ ‘ಸೂಪರ್‌ಹೀರೋಗಳು’ ಬೇಡ, ‘ಕಾಮಿಕ್ಸ್ ಪಾತ್ರಗಳು’ ಸಾಕು. ಉತ್ತರದ ವಿವರಣೆಗೆ ಒಂದು ಸೊಗಸಾದ ಸಾಲೂ ಇದೆ: 1942ರಲ್ಲಿ ಡಿಟೆಕ್ಟಿವ್ ಕಾಮಿಕ್ಸ್‌ನ 66ನೇ ಸಂಚಿಕೆಯಲ್ಲಿ ಮೊದಲು ಬಂದಾಗ ಅವನ ಹೆಸರು ಹಾರ್ವಿ ಕೆಂಟ್. ಸೂಪರ್‌ಮ್ಯಾನ್‌ನ ಇನ್ನೊಂದು ಹೆಸರಾದ ಕ್ಲಾರ್ಕ್ ಕೆಂಟ್ ಜೊತೆ ಗೊಂದಲವಾಗದಿರಲೆಂದು ಆಮೇಲೆ ಡೆಂಟ್ ಆಯಿತು.

ಮೊದಲ ಪ್ರಶ್ನೆಯ ರಾಬಿನ್‌ನನ್ನು ಬಿಡಲು ಮನಸ್ಸಿಲ್ಲವಾದರೆ ಅವನಿಗೆ ಬೇರೆ ಜೊತೆಗಾರರನ್ನು ಕೊಡಿ. ಹಾಕ್‌ಐ, ನೈಟ್‌ಕ್ರಾಲರ್, ಡೆಡ್‌ಮ್ಯಾನ್, ಡಿಕ್ ಗ್ರೇಸನ್ (ರಾಬಿನ್‌ನ ನಿಜ ಹೆಸರು). ನಾಲ್ವರೂ ಸರ್ಕಸ್‌ನಿಂದ ಬಂದವರು. ಡೆಡ್‌ಮ್ಯಾನ್ ಮತ್ತು ಡಿಕ್ ಟ್ರಪೀಜ್ ಆಟಗಾರರು, ನೈಟ್‌ಕ್ರಾಲರ್ ಬೆಳೆದದ್ದು ಜರ್ಮನಿಯ ಬವೇರಿಯಾದ ಸರ್ಕಸ್ಸಿನಲ್ಲಿ. ‘ಜಿಗಿಯುವುದರಲ್ಲಿ ನಿಪುಣರು’ ಎಂಬ ಉತ್ತರವನ್ನು ಬಿಲ್ಲುಗಾರ ಹಾಕ್‌ಐ ತಡೆಯುತ್ತಾನೆ. ಡಿಕ್ ಹೆಸರನ್ನು ಕೊನೆಗಿಡಿ. ಮೊದಲಿಟ್ಟರೆ ಓದುಗರು ಗ್ರೇಸನ್ ಕುಟುಂಬದ ಹಗ್ಗ ಕಡಿದ ದೃಶ್ಯ ನೆನೆದು ಅಲ್ಲೇ ಆಟ ಮುಗಿಸುತ್ತಾರೆ.

ಇನ್ನು ಭಾಷೆಯ ವಿಷಯ. ನಿಮ್ಮ 4, 12 ಮತ್ತು 17ನೇ ಪ್ರಶ್ನೆಗಳು ಇಂಗ್ಲಿಷ್ ಅಕ್ಷರಗಳ ಮೇಲೆ ನಿಂತಿವೆ, ಕನ್ನಡ ಲಿಪಿಗೆ ಬಂದ ಕೂಡಲೇ ಮೂರೂ ಮೂರು ರೀತಿಯಲ್ಲಿ ಕೆಡುತ್ತವೆ.

4ನೆಯದರಲ್ಲಿ ಪೀಟರ್ ಪಾರ್ಕರ್, ಬ್ರೂಸ್ ಬ್ಯಾನರ್, ಮ್ಯಾಟ್ ಮರ್ಡಾಕ್, ಕ್ಲಾರ್ಕ್ ಕೆಂಟ್ ಇದ್ದಾರೆ. ಗುಂಪಿಗೆ ಸೇರದವರನ್ನು ಹುಡುಕಿ ಎಂದಿದ್ದೀರಿ. ಉತ್ತರ ಕ್ಲಾರ್ಕ್ ಕೆಂಟ್, ಏಕೆಂದರೆ ಇಂಗ್ಲಿಷ್‌ನಲ್ಲಿ ಅವನ ಎರಡು ಹೆಸರುಗಳ ಮೊದಲಕ್ಷರ ಸಿ ಮತ್ತು ಕೆ. ಕನ್ನಡದಲ್ಲಿ ಎರಡೂ ಕಕಾರ! ನಮ್ಮ ಓದುಗರ ಕಣ್ಣಿಗೆ ಅವನು ಎಲ್ಲರಿಗಿಂತ ಚೆನ್ನಾಗಿ ಹೊಂದುತ್ತಾನೆ. ಅವನ ಜಾಗಕ್ಕೆ ಟೋನಿ ಸ್ಟಾರ್ಕ್‌ನನ್ನು ತನ್ನಿ, ಸಮಸ್ಯೆ ಮುಗಿಯಿತು. ಉತ್ತರದಲ್ಲಿ ‘ಪ್ರಾಸ’ ಎಂದು ಬರೆದಿದ್ದೀರಿ, ಅದನ್ನೂ ತಿದ್ದಿ. ಕನ್ನಡ ಛಂದಸ್ಸು ಗೊತ್ತಿರುವವರಿಗೆ ಆದಿಪ್ರಾಸ ಎಂದರೆ ಸಾಲಿನ ಎರಡನೆಯ ಅಕ್ಷರ. ‘ಎರಡೂ ಹೆಸರು ಒಂದೇ ವ್ಯಂಜನದಿಂದ ಶುರು’ ಎಂದರೆ ಯಾರಿಗೂ ತಕರಾರಿಲ್ಲ. ವಿವರಣೆಗೆ: ನೆನಪಿಡಲು ಸುಲಭವೆಂದು ಮಾರ್ವೆಲ್‌ನ ಲೇಖಕ ಸ್ಟ್ಯಾನ್ ಲೀ ಇಂಥ ಹೆಸರುಗಳನ್ನು ಇಡುತ್ತಿದ್ದರು. ಹಾಗಿದ್ದೂ 1964ರಲ್ಲಿ ಫೆಂಟಾಸ್ಟಿಕ್ ಫೋರ್‌ನ 25ನೇ ಸಂಚಿಕೆಯಲ್ಲಿ ಬ್ರೂಸ್‌ನನ್ನು ‘ಬಾಬ್ ಬ್ಯಾನರ್’ ಎಂದು ಬರೆದರು. ಕೊನೆಗೆ ಅವನ ಪೂರ್ತಿ ಹೆಸರು ರಾಬರ್ಟ್ ಬ್ರೂಸ್ ಬ್ಯಾನರ್ ಎಂದಾಯಿತು.

12ನೆಯದು ಶಜಾಮ್. ಸಾಲೊಮನ್, ಹರ್ಕ್ಯುಲಿಸ್, ಅಟ್ಲಾಸ್, ಜ್ಯೂಸ್, ಅಕಿಲೀಸ್, ಮರ್ಕ್ಯುರಿ. ಆರು ಹೆಸರುಗಳ ಮೊದಲಕ್ಷರ ಸೇರಿ, ಬಿಲ್ಲಿ ಬ್ಯಾಟ್ಸನ್ ಎಂಬ ಹುಡುಗ ಸಿಡಿಲು ಕರೆದು ಸೂಪರ್‌ಹೀರೋ ಆಗಲು ಕೂಗುವ ಮಂತ್ರ. ಕನ್ನಡದಲ್ಲಿ ಜೋಡಿಸಿದರೆ ಸಾ, ಹ, ಅ, ಜ್ಯೂ, ಅ, ಮ. ಇದನ್ನು ಕೂಗಿದರೆ ಯಾವ ಸಿಡಿಲೂ ಬರುವುದಿಲ್ಲ. ‘ಈ ಆರು ಮಂದಿಯ ಶಕ್ತಿ ಒಬ್ಬ ಹುಡುಗನಲ್ಲಿ ಸೇರಿದೆ, ಯಾರು?’ ಎಂದು ತಿರುಗಿಸಿ ಕೇಳಿದರೆ ಲಿಪಿಯ ಹಂಗು ಇಲ್ಲ. 17ನೆಯದರಲ್ಲಿ ಸಮುದ್ರದೊಳಗಿನ ದೊರೆ ನೇಮೋರ್ ಹೆಸರನ್ನು ಹಿಂದುಮುಂದು ಓದಿದರೆ ರೋಮನ್ ಎನ್ನುತ್ತೀರಿ. ಕನ್ನಡದಲ್ಲಿ ಹಿಂದುಮುಂದು ಓದಿದರೆ ಏನೂ ಆಗುವುದಿಲ್ಲ. ಕೈಬಿಡಿ.

6ನೇ ಪ್ರಶ್ನೆಯಲ್ಲಿ ಸಂಗತಿಯೇ ತಪ್ಪಿದೆ. ಹಲ್ಕ್, ಐರನ್ ಮ್ಯಾನ್, ಡೇರ್‌ಡೆವಿಲ್. ಉತ್ತರ ‘ಮೊದಲು ಬೂದು ಬಣ್ಣದಲ್ಲಿದ್ದವರು’ ಎಂದಿದ್ದೀರಿ. ಹಲ್ಕ್ ಬೂದು, ಸರಿ. 1962ರ ಮೇ ಸಂಚಿಕೆಯಲ್ಲಿ ಆ ಬಣ್ಣ ಪುಟದಿಂದ ಪುಟಕ್ಕೆ ಒಂದೇ ಸಮನಾಗಿ ಅಚ್ಚಾಗಲಿಲ್ಲವೆಂದು ಎರಡನೇ ಸಂಚಿಕೆಗೇ ಹಸಿರಾಯಿತು. ಐರನ್ ಮ್ಯಾನ್ ಕವಚವೂ 1963ರ ಮಾರ್ಚ್‌ನಲ್ಲಿ, ಟೇಲ್ಸ್ ಆಫ್ ಸಸ್ಪೆನ್ಸ್‌ನ 39ನೇ ಸಂಚಿಕೆಯಲ್ಲಿ, ಬೂದು; ಮರುಸಂಚಿಕೆಗೆ ಬಂಗಾರದ ಬಣ್ಣ. ಡೇರ್‌ಡೆವಿಲ್ ಮಾತ್ರ ಬೂದಾಗಿರಲೇ ಇಲ್ಲ. 1964ರಲ್ಲಿ ಅವನ ಉಡುಪಿನಲ್ಲಿ ಎದ್ದು ಕಾಣುತ್ತಿದ್ದದ್ದು ಹಳದಿ, 7ನೇ ಸಂಚಿಕೆಯಲ್ಲಿ ಕೆಂಪಾಯಿತು. ‘ಇಂದಿನ ಬಣ್ಣದಲ್ಲಿ ಹುಟ್ಟದವರು’ ಎಂದು ಉತ್ತರವನ್ನು ಬದಲಿಸಿದರೆ ಇಡೀ ಕಂತಿನಲ್ಲೇ ಇದು ಒಳ್ಳೆಯ ಪ್ರಶ್ನೆ. ಆದರೆ ಇದರಲ್ಲೂ ಹಲ್ಕ್ ಮತ್ತು ಡೇರ್‌ಡೆವಿಲ್ ನಡುವೆ ವಿಕಿರಣ ಇದೆ, ಐರನ್ ಮ್ಯಾನ್ ಇಲ್ಲದಿದ್ದರೆ ಪ್ರಶ್ನೆ ಕುಸಿಯುತ್ತಿತ್ತು.

ವರ್ಷ ಬರೆಯುವಾಗ ಒಂದು ಎಚ್ಚರ. ಅಮೆರಿಕದ ಕಾಮಿಕ್ಸ್ ಮುಖಪುಟದ ಮೇಲಿನ ತಿಂಗಳಿಗಿಂತ ಮೊದಲೇ ಅಂಗಡಿಗೆ ಬರುತ್ತಿದ್ದವು. ಸೂಪರ್‌ಮ್ಯಾನ್ ಮೊದಲು ಕಾಣಿಸಿಕೊಂಡ ಆ್ಯಕ್ಷನ್ ಕಾಮಿಕ್ಸ್ ಮೊದಲ ಸಂಚಿಕೆಯ ಮೇಲೆ ಜೂನ್ 1938 ಎಂದಿದೆ, ಮಾರಾಟಕ್ಕೆ ಬಂದದ್ದು ಏಪ್ರಿಲ್‌ನಲ್ಲಿ. ನೀವು ಒಂದು ಕಡೆ ಇದನ್ನೂ ಇನ್ನೊಂದು ಕಡೆ ಅದನ್ನೂ ಹಿಡಿದಿದ್ದೀರಿ. ಮುಖಪುಟದ ತಿಂಗಳನ್ನೇ ಎಲ್ಲ ಕಡೆ ಇಟ್ಟುಕೊಳ್ಳಿ. ಹಾಗೆಯೇ ‘ಕಾಮಿಕ್ಸ್ ಪ್ರಕಾರ’ ಎಂದು ಮೇಲುಗಡೆ ಒಮ್ಮೆ ಹೇಳಿಬಿಡಿ. ಸ್ಪೈಡರ್‌ಮ್ಯಾನ್‌ಗೆ ವಿಕಿರಣದ ಜೇಡ ಕಚ್ಚಿದ್ದು 1962ರ ಕಾಮಿಕ್ಸ್‌ನಲ್ಲಿ; 2002ರ ಸಿನಿಮಾದಲ್ಲಿ ಕಚ್ಚಿದ್ದು ವಂಶವಾಹಿ ತಿದ್ದಿದ ಜೇಡ. ಸಿನಿಮಾ ಮಾತ್ರ ನೋಡಿದವರು ನಿಮ್ಮ 8ನೇ ಪ್ರಶ್ನೆಯನ್ನು ತಪ್ಪೆಂದೇ ಓದುತ್ತಾರೆ.

14ನೆಯದು ಪ್ರೊಫೆಸರ್ ಎಕ್ಸ್, ಡೂಮ್ ಪ್ಯಾಟ್ರೋಲ್ ತಂಡದ ನೈಲ್ಸ್ ಕಾಲ್ಡರ್, ಬಾರ್ಬರಾ ಗಾರ್ಡನ್; ಮೂವರನ್ನೂ ಬೆಸೆಯುವುದು ಗಾಲಿಕುರ್ಚಿ. ಚೆನ್ನಾಗಿದೆ. ಆದರೆ ಬಾರ್ಬರಾ ಬಹುಕಾಲ ಓಡಾಡಿಕೊಂಡಿದ್ದ ಬ್ಯಾಟ್‌ಗರ್ಲ್. ಗಾಲಿಕುರ್ಚಿ ಬಂದದ್ದು 1988ರಲ್ಲಿ ಜೋಕರ್ ಗುಂಡು ಹಾರಿಸಿದ ಮೇಲೆ, 2011ರಲ್ಲಿ ಕಥೆಗಳನ್ನು ಹೊಸದಾಗಿ ಆರಂಭಿಸಿದಾಗ ಅವಳು ಮತ್ತೆ ನಡೆದಳು. ‘ಬಾರ್ಬರಾ ಗಾರ್ಡನ್’ ತೆಗೆದು, ಗಾಲಿಕುರ್ಚಿಯ ಕಾಲದಲ್ಲಿ ಅವಳಿಗಿದ್ದ ಹೆಸರು ‘ಒರಾಕಲ್’ ಎಂದು ಹಾಕಿ, ಕಾಲ ತಾನೇ ಗೊತ್ತಾಗುತ್ತದೆ. ಉತ್ತರದಲ್ಲಿ ‘ಗಾಲಿಕುರ್ಚಿಗೆ ಅಂಟಿಕೊಂಡವರು’ ಎಂದಿದ್ದೀರಿ. ಅದು ಬೇಡ, ‘ಗಾಲಿಕುರ್ಚಿ ಬಳಸುವವರು’ ಎಂದರೆ ಸಾಕು. ಕಾಲ್ಡರ್ 1963ರ ಜೂನ್‌ನಲ್ಲಿ, ಪ್ರೊಫೆಸರ್ ಎಕ್ಸ್ ಅದೇ ಸೆಪ್ಟೆಂಬರ್‌ನಲ್ಲಿ ಬಂದವರು. ಇದನ್ನು ವಿವರಣೆಗೆ ಸೇರಿಸಿ.

ಎರಡೇ ಹೆಸರಿನ ಉಳಿದ ಪ್ರಶ್ನೆಗಳನ್ನೆಲ್ಲ ತೆಗೆಯಿರಿ. ಬ್ರೂಸ್ ವೇನ್, ಕ್ಲಾರ್ಕ್ ಕೆಂಟ್ ಇಬ್ಬರ ತಾಯಂದಿರ ಹೆಸರೂ ಮಾರ್ಥಾ ಎಂಬುದು 2016ರ ಸಿನಿಮಾ ಬಂದ ಮೇಲೆ ಮಕ್ಕಳಿಗೂ ಗೊತ್ತು. ಆಕ್ವಾಮ್ಯಾನ್ ಮತ್ತು ಗ್ರೀನ್ ಆರೋ ಒಂದೇ ಸಂಚಿಕೆಯಲ್ಲಿ, 1941ರ ನವೆಂಬರ್‌ನ ಮೋರ್ ಫನ್ ಕಾಮಿಕ್ಸ್ 73ರಲ್ಲಿ, ಹುಟ್ಟಿದವರು ಎಂಬುದು ನಿಜಕ್ಕೂ ಸ್ವಾರಸ್ಯದ್ದು. ಆದರೆ ಇಬ್ಬರೂ ಜಸ್ಟಿಸ್ ಲೀಗ್ ಸದಸ್ಯರು, ಓದುಗರು ಅಲ್ಲಿಗೇ ನಿಲ್ಲುತ್ತಾರೆ. ಅದನ್ನು ಒಗಟಾಗಿಸದೆ ಪುಟದ ಅಡಿಯಲ್ಲಿ ‘ನಿಮಗಿದು ಗೊತ್ತೇ’ ಎಂದು ಹಾಕೋಣ.

ಒಂದು ಪ್ರಶ್ನೆ ನಮ್ಮ ಕಡೆಯಿಂದ. ಇಂದ್ರಜಾಲ ಕಾಮಿಕ್ಸ್ ಕಾಲದ ಹಿರಿಯ ಓದುಗರಿಗೆ ಫ್ಯಾಂಟಮ್ ಮನೆಯವನಿದ್ದಂತೆ. ನಿಮ್ಮ 20ರಲ್ಲಿ ಅವನ ಸುಳಿವೇ ಇಲ್ಲ. ಫ್ಯಾಂಟಮ್, ಬ್ಲ್ಯಾಕ್ ಪ್ಯಾಂಥರ್, ಆಂಟ್‌ಮ್ಯಾನ್ ಎಂದು ಕೊಟ್ಟು ನೋಡಿ. ಉತ್ತರ: ಅದು ಒಬ್ಬ ಮನುಷ್ಯನ ಹೆಸರಲ್ಲ, ಒಬ್ಬರಿಂದ ಒಬ್ಬರಿಗೆ ಬರುವ ಪಟ್ಟ. ನಾವು ಓದುವ ಫ್ಯಾಂಟಮ್ 21ನೆಯವನು, ಬ್ಲ್ಯಾಕ್ ಪ್ಯಾಂಥರ್ ಎಂಬುದು ವಕಾಂಡಾದ ದೊರೆತನದ ಬಿರುದು, ಆಂಟ್‌ಮ್ಯಾನ್ ಪಟ್ಟ ಹ್ಯಾಂಕ್ ಪಿಮ್‌ನಿಂದ 1979ರಲ್ಲಿ ಸ್ಕಾಟ್ ಲ್ಯಾಂಗ್‌ಗೆ ಬಂತು. ಮೂರನೆಯವನಾಗಿ ರಾಬಿನ್‌ನನ್ನು ಹಾಕುವ ಆಸೆಯಾಗುತ್ತದೆ, ಹಾಕಬೇಡಿ. ಫ್ಯಾಂಟಮ್, ಟಿಚಲ್ಲಾ (ಬ್ಲ್ಯಾಕ್ ಪ್ಯಾಂಥರ್), ಡಿಕ್ ಗ್ರೇಸನ್ ಮೂವರ ತಂದೆಯರೂ ಕೊಲೆಯಾದವರು, ಆ ಉತ್ತರ ಬಂದು ಕೂರುತ್ತದೆ.

ಮತ್ತೆ ಕಳಿಸುವಾಗ 8 ಪ್ರಶ್ನೆ ಸಾಕು: ಮೂರು ಸುಲಭ, ಮೂರು ಮಧ್ಯಮ, ಎರಡು ಕಠಿಣ. ಪ್ರತಿಯೊಂದಕ್ಕೂ ಮೂರು ಅಥವಾ ನಾಲ್ಕು ಹೆಸರು, ಹೆಚ್ಚು ಪರಿಚಿತರು ಕೊನೆಗೆ. ಉತ್ತರಕ್ಕೆ ಎರಡು ಸಾಲಿನ ವಿವರಣೆ, ಅದರಲ್ಲಿ ಸಂಚಿಕೆಯ ಹೆಸರು ಮತ್ತು ವರ್ಷ. ಉತ್ತರಗಳನ್ನು ಪ್ರಶ್ನೆಯ ಕೆಳಗೇ ಬರೆಯದೆ ಬೇರೆ ಹಾಳೆಯಲ್ಲಿಡಿ. ಕಳಿಸುವ ಮುಂಚೆ ಪ್ರಶ್ನೆಗಳ ಹಾಳೆಯನ್ನು ಇಬ್ಬರಿಗೆ ಕೊಡಿ, ಒಬ್ಬರು ಕಾಮಿಕ್ಸ್ ಓದಿದವರು, ಇನ್ನೊಬ್ಬರು ಸಿನಿಮಾ ಮಾತ್ರ ನೋಡಿದವರು. ಅವರು ಬರೆದ ತಪ್ಪು ಉತ್ತರಗಳನ್ನೂ ಒಟ್ಟಿಗೆ ಕಳಿಸಿ. ನಾವು ಮೊದಲು ಓದುವುದು ಅದನ್ನೇ.