ರಗ್ಬಿ ಲೀಗ್ ಕ್ಲಬ್ ಒಬ್ಬ ಆಟಗಾರನಿಗೆ 10 ವರ್ಷದ ಕಾಂಟ್ರಾಕ್ಟ್ ಕೊಡುವುದು ಜಾಣತನವೇ?

ಆಟಗಾರ ಯಾವ ಜಾಗದಲ್ಲಿ ಆಡುತ್ತಾನೆ ಅನ್ನೋದರ ಮೇಲಿದೆ.

ಆಸ್ಟ್ರೇಲಿಯಾದ ಮುಖ್ಯ ರಗ್ಬಿ ಲೀಗ್ ಟೂರ್ನಿ ಎನ್‌ಆರ್‌ಎಲ್‌ನಲ್ಲಿ ಪ್ರತಿ ಕ್ಲಬ್ಬಿಗೂ ಒಟ್ಟು ಸಂಬಳದ ಮಿತಿ ಇದೆ. ಅಷ್ಟರಲ್ಲೇ 30 ಜನರ ಮುಖ್ಯ ತಂಡ ಕಟ್ಟಬೇಕು. ಒಬ್ಬನಿಗೆ ಜಾಸ್ತಿ ಕೊಟ್ಟರೆ ಉಳಿದವರಿಗೆ ಕಮ್ಮಿ. ಗುಟ್ಟಾಗಿ ಮಿತಿ ಮೀರಿದ ಮೆಲ್ಬರ್ನ್ ಸ್ಟಾರ್ಮ್ 2010ರಲ್ಲಿ ಸಿಕ್ಕಿಬಿದ್ದು, 2007 ಮತ್ತು 2009ರ ಪ್ರಶಸ್ತಿಗಳನ್ನೇ ಕಳೆದುಕೊಂಡಿತು.

2017ರಲ್ಲಿ ನಾರ್ತ್ ಕ್ವೀನ್ಸ್‌ಲ್ಯಾಂಡ್ ಕೌಬಾಯ್ಸ್ ಕ್ಲಬ್, ಜೇಸನ್ ಟೌಮಾಲೊಲೊ ಜೊತೆ 10 ವರ್ಷದ ಒಪ್ಪಂದ ಮಾಡಿಕೊಂಡಿತು. ಸುಮಾರು 1 ಕೋಟಿ ಆಸ್ಟ್ರೇಲಿಯನ್ ಡಾಲರ್ ಅಂತ ಸುದ್ದಿ. ಅವರಿಗೆ ಆಗ 23 ವರ್ಷ. ಕ್ಲಬ್ಬಿನ ಲೆಕ್ಕ ಸುಮ್ನೆ ಅಲ್ಲ. ಕಾಂಟ್ರಾಕ್ಟಿನ ಕೊನೇ ವರ್ಷಕ್ಕೆ ಮುಂಚಿನ ನವೆಂಬರ್ 1ರಿಂದಲೇ ಬೇರೆ ಕ್ಲಬ್‌ಗಳು ಆಟಗಾರನ ಜೊತೆ ಮಾತುಕತೆಗೆ ಇಳಿಯಬಹುದು. ಆ ಎಳೆದಾಟ ಹತ್ತು ವರ್ಷ ತಪ್ಪಿತು. ಮಿತಿ ಏರುತ್ತಾ ಹೋದಂತೆ ಹಳೇ ಬೆಲೆ ಅಗ್ಗವೂ ಆಗುತ್ತದೆ.

ಆದರೆ ಅವರು ಫಾರ್ವರ್ಡ್. ಚೆಂಡು ಹಿಡಿದು ನೂರು ಕೆಜಿ ಆಳುಗಳ ಮೇಲೆ ನುಗ್ಗೋದೇ ಕೆಲಸ, ಮತ್ತೆ ಎದ್ದು ಟ್ಯಾಕಲ್ ಮಾಡಬೇಕು, ಅಂದರೆ ಎದುರಾಳಿಯನ್ನು ಹಿಡಿದು ಕೆಡವಬೇಕು. ಮೈ ಎಷ್ಟು ವರ್ಷ ತಡೆದೀತು? ಮೂವತ್ತರ ಸುಮಾರಿಗೆ ಮೊಣಕಾಲು ತೊಂದರೆ ಕೊಟ್ಟಿತು, ಅಂಗಳದಲ್ಲಿ ಕಳೆಯುವ ನಿಮಿಷಗಳೂ ಕಮ್ಮಿಯಾದವು. ಸಂಬಳ ಮಾತ್ರ ಮಿತಿಯ ಲೆಕ್ಕದಲ್ಲಿ ಕೂತೇ ಇರುತ್ತದೆ, ಅಲ್ವಾ?

ನನ್ನನ್ನು ಕೇಳಿದರೆ ಫಾರ್ವರ್ಡ್‌ಗೆ ಮೂರ್ನಾಲ್ಕು ವರ್ಷ ಸಾಕು. ಹಾಫ್‌ಬ್ಯಾಕ್, ಅಂದರೆ ಪಾಸು, ಕಿಕ್ಕುಗಳಿಂದ ಆಟ ನಡೆಸುವವನು, ಆದರೆ ಧೈರ್ಯ ಮಾಡಬಹುದು. 2015ರಲ್ಲಿ ಮ್ಯಾನ್ಲಿ ಕ್ಲಬ್ಬಿನಲ್ಲಿ ದೀರ್ಘ ಒಪ್ಪಂದಕ್ಕೆ ಸಹಿ ಹಾಕಿದ ಹಾಫ್‌ಬ್ಯಾಕ್ ಡೇಲಿ ಚೆರ್ರಿ-ಇವಾನ್ಸ್, 2025ರಲ್ಲಿ 36ರ ವಯಸ್ಸಿನಲ್ಲೂ ಅಲ್ಲೇ ಆಡುತ್ತಿದ್ದರು.