ತೋಟದ ಮನೆ ತಂಪಾಗಿರಬೇಕಾ? ಇಟ್ಟಿಗೆಗಿಂತ ಮೊದಲು ತಾರಸಿ ನೋಡಿ

ಅಣ್ಣ, ಕುಣಿಗಲ್ ಹತ್ತಿರ ತೋಟದಲ್ಲಿ ಮನೆ ಕಟ್ಟಿಸುತ್ತಿದ್ದೇನೆ, ಎಸಿ ಇಲ್ಲದೆ ತಂಪಾಗಿರಬೇಕು, ಸುಡದೆ ಒತ್ತಿ ಮಾಡುವ ಮಣ್ಣಿನ ಇಟ್ಟಿಗೆ ಹಾಕಿದರೆ ಸಾಕಾ ಅಂತ ಕೇಳಿದ್ದೀರಿ. ಇಟ್ಟಿಗೆ ಒಳ್ಳೆಯದೇ, ಆದರೆ ಅದೊಂದರಿಂದಲೇ ಆಗುವುದಿಲ್ಲ. ನಮ್ಮ ತುಮಕೂರು ಕಡೆ ಮನೆಗೆ ಬಿಸಿ ಇಳಿಯುವುದು ಮೊದಲು ತಾರಸಿಯಿಂದ, ಆಮೇಲೆ ಪಡುವಣ ಗೋಡೆಯಿಂದ.

ಅನುಮಾನ ಇದ್ದರೆ ಏಪ್ರಿಲ್‌ನಲ್ಲಿ ಯಾವುದಾದರೂ ಆರ್‌ಸಿಸಿ ಮನೆಗೆ ರಾತ್ರಿ ಎಂಟರ ಹೊತ್ತಿಗೆ ಹೋಗಿ, ಸ್ಟೂಲ್ ಹತ್ತಿ ಸೀಲಿಂಗಿಗೆ ಅಂಗೈ ಇಟ್ಟು ನೋಡಿ. ಹೊರಗೆ ಗಾಳಿ ತಣ್ಣಗಾಗಿರುತ್ತದೆ, ಸೀಲಿಂಗ್ ಇನ್ನೂ ಬೆಚ್ಚಗಿರುತ್ತದೆ. ಫ್ಯಾನ್ ಆ ಬಿಸಿಯನ್ನೇ ಕೆಳಗೆ ತಳ್ಳುತ್ತದೆ. ಅದಕ್ಕೇ ತಾರಸಿ ಮೇಲೆ ಬಿಳಿ ಟೈಲ್ಸ್ ಚೂರು ಹಾಕಿಸಿ. ದುಡ್ಡು ಸಾಲದಿದ್ದರೆ ಪ್ರತಿ ಬೇಸಿಗೆಗೆ ಮುಂಚೆ ಸುಣ್ಣ ಬಳಿಸಿ, ಅದೂ ನಡೆಯುತ್ತದೆ. ಇನ್ನೂ ಒಳ್ಳೆಯದು ಅಂದರೆ ನಾಲ್ಕೂ ಕಡೆ ತೆರೆದ ಶೀಟಿನ ಚಪ್ಪರ. ಸ್ಲ್ಯಾಬಿಗೆ ನೆರಳು, ನಿಮಗೆ ತೆಂಗಿನಕಾಯಿ ಹಾಕಿಕೊಳ್ಳಲು ಜಾಗ.

ಈಗ ಪಡುವಣ. ವಾಸ್ತು ಪ್ರಕಾರ ಯಜಮಾನರ ಕೋಣೆ ನೈಋತ್ಯಕ್ಕೇ ಬರುತ್ತದೆ, ಅಲ್ವಾ? ಸಂಜೆ ಬಿಸಿಲು ಹೊಡೆಯುವುದೂ ಅಲ್ಲಿಗೇ. ಇಳಿಬಿಸಿಲು ಅಡ್ಡಡ್ಡ ಬರುತ್ತದೆ, ಕಿಟಕಿ ಮೇಲೆ ಚಾಚಿರುವ ಸಜ್ಜೆ ಅದನ್ನು ತಡೆಯುವುದಿಲ್ಲ. ಮನೆಯಲ್ಲಿ ಹಿರಿಯರ ಜೊತೆ ಜಗಳ ಬೇಡ. ಕೋಣೆ ಅಲ್ಲೇ ಇರಲಿ, ಪಡುವಣ ಗೋಡೆ ಪೂರ್ತಿ ವಾರ್ಡ್‌ರೋಬ್ ಮಾಡಿಸಿ, ಕಿಟಕಿ ದಕ್ಷಿಣಕ್ಕೆ ಇಡಿಸಿ. ಹೊರಗಿನ ಮೆಟ್ಟಿಲನ್ನೂ ಪಡುವಣಕ್ಕೆ ತಂದರೆ ಗೋಡೆಗೆ ಇನ್ನಷ್ಟು ಮರೆ. ಸ್ವಲ್ಪ ದೂರದಲ್ಲಿ ಎರಡು ಹೊಂಗೆ ಗಿಡ ಈಗಲೇ ನೆಡಿ. ಯುಗಾದಿ ಹೊತ್ತಿಗೆ ಹೊಂಗೆ ಚಿಗುರಿ ನಿಲ್ಲುತ್ತದೆ, ನಮಗೆ ನೆರಳು ಬೇಕಾಗುವುದೂ ಆಗಲೇ.

ದಕ್ಷಿಣದ ಕಿಟಕಿಗೆ ಎರಡು ಅಡಿ ಸಜ್ಜೆ ಸಾಕು. ಉತ್ತರಕ್ಕೆ ಸಜ್ಜೆ ಬೇಡ ಅಂತ ಮೇಸ್ತ್ರಿ ಹೇಳಿದರೆ ಒಪ್ಪಬೇಡಿ. ಏಪ್ರಿಲ್ ಕೊನೆಯಿಂದ ಆಗಸ್ಟ್ ಮಧ್ಯದವರೆಗೆ ನಡುಮಧ್ಯಾಹ್ನದ ಸೂರ್ಯ ನಮಗೆ ಉತ್ತರಕ್ಕೇ ಇರುತ್ತಾನೆ. ಪ್ರತಿ ಕೋಣೆಗೂ ಎರಡು ಗೋಡೆಯಲ್ಲಿ ಕಿಟಕಿ ಇರಲಿ. ಸೊಳ್ಳೆ ಜಾಲರಿ ಗಾಳಿಯನ್ನು ಕಡಿಮೆ ಮಾಡುತ್ತದೆ, ಆದ್ದರಿಂದ ಕಿಟಕಿ ಸ್ವಲ್ಪ ದೊಡ್ಡದೇ ಇರಲಿ. ಬೇಸಿಗೆಯಲ್ಲಿ ಹಗಲು ಮುಚ್ಚಿ, ರಾತ್ರಿ ತೆಗೆಯಿರಿ.

ಮಣ್ಣಿನ ಇಟ್ಟಿಗೆ ನಮ್ಮ ಜಿಲ್ಲೆಗೆ ಹೊಸದೇನಲ್ಲ. 1974ರಲ್ಲಿ ಬೆಂಗಳೂರಿನ ವಿಜ್ಞಾನ ಸಂಸ್ಥೆ ಐಐಎಸ್‌ಸಿಯಲ್ಲಿ ಹಳ್ಳಿಗಳಿಗೆ ಹೊಂದುವ ತಂತ್ರಜ್ಞಾನಕ್ಕಾಗಿ ಶುರುವಾದ ಅಸ್ತ್ರ ತಂಡ ನಿಮ್ಮ ತಾಲ್ಲೂಕಿನ ಉಂಗ್ರದಲ್ಲೇ ಕೇಂದ್ರ ಇಟ್ಟುಕೊಂಡು ಕೆಲಸ ಮಾಡಿತ್ತು. ಮರಳು ಜಾಸ್ತಿ ಇರುವ ಕೆಂಪು ಮಣ್ಣಿಗೆ ಶೇ. 5ರಿಂದ 8 ಸಿಮೆಂಟ್ ಸೇರಿಸಿ ಯಂತ್ರದಲ್ಲಿ ಒತ್ತುತ್ತಾರೆ. ಮೂರರಿಂದ ನಾಲ್ಕು ವಾರ ಕ್ಯೂರಿಂಗ್, ಅಂದರೆ ನೀರು ಹಾಕಿ ತೇವ ಇಡುವುದು, ಬೇಕೇ ಬೇಕು, ಇಲ್ಲಿ ಅವಸರ ಮಾಡಿದರೆ ಕೆಟ್ಟಿತು. ಎರೆಮಣ್ಣು ಸುತರಾಂ ಬೇಡ. ಪಾಯ ಸೈಜುಗಲ್ಲಿನಲ್ಲಿ ಎತ್ತರಿಸಿ, ಮಳೆ ನೀರು ಸಿಡಿದು ಗೋಡೆಗೆ ತಾಗಬಾರದು.

ಕರೆಂಟ್ ವಿಷಯ ಚುಟುಕಾಗಿ. ಹಳೇ ಫ್ಯಾನ್ ಸುಮಾರು 75 ವಾಟ್ ಎಳೆಯುತ್ತದೆ, ಕಡಿಮೆ ಕರೆಂಟ್ ಎಳೆಯುವ ಮೋಟಾರಿನ ಬಿಎಲ್‌ಡಿಸಿ ಫ್ಯಾನ್ 30ರ ಆಸುಪಾಸು. ಸೋಲಾರ್ ಆಮೇಲೆ ಹಾಕಿಸಿದರೂ ಪರವಾಗಿಲ್ಲ, ಆದರೆ ಅದರ ವೈರಿನ ಪೈಪು, ಬಿಸಿನೀರಿನ ಪೈಪು ಎರಡನ್ನೂ ಈಗಲೇ ತಾರಸಿವರೆಗೆ ಎಳೆಸಿಬಿಡಿ. ಆಮೇಲೆ ಗೋಡೆ ಕೊರೆಸುವುದು ಸುಮ್ನೆ ದಂಡ.

ಪ್ಲ್ಯಾನ್ ಫೋಟೋ ಇಲ್ಲಿ ಹಾಕಿ, ಉತ್ತರ ಯಾವ ಕಡೆ ಅಂತ ಬಾಣದ ಗುರುತು ಇರಲಿ. ಯಾವ ಕಿಟಕಿ ಎಲ್ಲಿಗೆ ಸರಿಸಬೇಕು ಅಂತ ನೋಡಿ ಹೇಳುತ್ತೇನೆ.